ಚಾಂಪಿಯನ್ನನ್ನು ಸೋಲಿಸುವ ಖುಷಿ ನಮಗೆ ಬಿಡಿ: ಐಪಿಎಲ್ ಆಡಳಿತ ಮಂಡಳಿಗೆ ಒಂದು ಬಹಿರಂಗ ಪತ್ರ

ಐಪಿಎಲ್ ಆಡಳಿತ ಮಂಡಳಿಯ ಅಧ್ಯಕ್ಷರಿಗೆ ಮತ್ತು ಸದಸ್ಯರಿಗೆ,

ನಮಸ್ಕಾರ.

2025ರ ಏಪ್ರಿಲ್ 2ರ ರಾತ್ರಿ ನಾನು, ನನ್ನ ಮಗಳು ಚಿನ್ನಸ್ವಾಮಿ ಸ್ಟೇಡಿಯಂನಲ್ಲಿದ್ದೆವು. ಆರ್‌ಸಿಬಿಗೆ ಆ ಸೀಸನ್ನಿನಲ್ಲಿ ತವರಿನ ಮೊದಲ ಪಂದ್ಯ. ಎದುರಾಳಿ ಗುಜರಾತ್ ಟೈಟನ್ಸ್. ಮಗಳು ಹಾಕಿಕೊಂಡಿದ್ದು ಹಿಂದಿನ ವರ್ಷದ ಕೆಂಪು ಜೆರ್ಸಿ. ಬೆನ್ನ ಮೇಲೆ ಸಿರಾಜ್ ಅಂತ ಹೆಸರು. ಅವಳೇ ಹಟ ಮಾಡಿ ಹಾಕಿಸಿಕೊಂಡಿದ್ದು. ಎಲ್ಲರೂ ಕೊಹ್ಲಿ ಹೆಸರು ಹಾಕಿಸಿಕೊಳ್ಳುತ್ತಾರೆ, ನನಗೆ ಬೌಲರ್ ಹೆಸರೇ ಬೇಕು ಅಂದಿದ್ದಳು. ಸಿರಾಜ್ ಏಳು ವರ್ಷ ಬೆಂಗಳೂರಿಗೆ ಆಡಿದವರು. ಆ ರಾತ್ರಿ ಅವರು ಗುಜರಾತಿನ ನೀಲಿ ಬಟ್ಟೆಯಲ್ಲಿ ಓಡಿ ಬರುತ್ತಿದ್ದರು.

ಪಡಿಕ್ಕಲ್ ಬೌಲ್ಡ್ ಆದರು. ಸ್ವಲ್ಪ ಹೊತ್ತಿಗೆ ಸಾಲ್ಟ್ ಒಂದು ಭಾರಿ ಸಿಕ್ಸ್ ಹೊಡೆದರು, ಮುಂದಿನ ಎಸೆತಕ್ಕೇ ಅವರೂ ಬೌಲ್ಡ್. ಇಡೀ ಸ್ಟ್ಯಾಂಡ್ ತಲೆ ಮೇಲೆ ಕೈ ಹೊತ್ತು ಕೂತಿತು. ಮಗಳು ನನ್ನ ಕಿವಿ ಹತ್ತಿರ ಬಂದು ಕೇಳಿದಳು: "ಅಪ್ಪಾ, ಈಗ ನಾನು ಚಪ್ಪಾಳೆ ಹೊಡೀಬೇಕಾ, ಬೇಡ್ವಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಸಿರಾಜ್ 4 ಓವರ್‌ನಲ್ಲಿ 19 ರನ್ ಕೊಟ್ಟು 3 ವಿಕೆಟ್ ತೆಗೆದರು. ನಾವು ಸೋತೆವು. ಸೋಲು ಹೊಸದಲ್ಲ, ಅದನ್ನು ಮರೆಯಬಹುದು. ಆ ಪ್ರಶ್ನೆ ಮಾತ್ರ ಮರೆತಿಲ್ಲ. ಈ ಪತ್ರ ಬರೆಯುತ್ತಿರುವುದು ಅದಕ್ಕೇ.

ನನ್ನ ಬೇಡಿಕೆ ಮೊದಲೇ ಹೇಳಿಬಿಡುತ್ತೇನೆ. ಮೆಗಾ ಹರಾಜು ನಿಲ್ಲಿಸಿ. ಮೂರು ನಾಲ್ಕು ವರ್ಷಕ್ಕೊಮ್ಮೆ ಎಲ್ಲ ತಂಡಗಳನ್ನೂ ಒಡೆದು ಹಂಚುವ ಈ ಪದ್ಧತಿ ಸಾಕು. 2025ರಿಂದ 2027ರವರೆಗಿನ ನಿಯಮವನ್ನು ನೀವು ಒಟ್ಟಿಗೇ ಮಾಡಿದ್ದೀರಿ. ಆ ಅವಧಿ ಮುಗಿಯುವ ಮೊದಲೇ ಇದನ್ನು ಯೋಚಿಸಿ ಅಂತ ಕೇಳಿಕೊಳ್ಳುತ್ತೇನೆ.

ಮೆಗಾ ಹರಾಜಿನ ಹಿಂದಿನ ಯೋಚನೆ ನನಗೆ ಅರ್ಥ ಆಗುತ್ತದೆ. ಒಂದೇ ತಂಡ ಗೆಲ್ಲುತ್ತಾ ಹೋದರೆ ಉಳಿದ ಊರಿನವರು ಟಿವಿ ಆಫ್ ಮಾಡುತ್ತಾರೆ ಅನ್ನೋ ಭಯ. ಎಲ್ಲರೂ ಸರಿಸಮ ಇದ್ದರೆ ಪ್ರತಿ ಪಂದ್ಯವೂ ಕೊನೆ ಓವರ್‌ವರೆಗೆ ಹೋಗುತ್ತದೆ ಅನ್ನೋ ಆಸೆ. ಆಸೆ ತಪ್ಪಲ್ಲ. ನಮ್ಮ ಕಡೆ ಕುಸ್ತಿಯಲ್ಲೂ ಇದು ಇದೆ. ಮೈಸೂರು ದಸರಾ ಕುಸ್ತಿಗೆ ಮೊದಲು ಜೋಡಿ ಕಟ್ಟುವ ಕಾರ್ಯಕ್ರಮ ಅಂತಲೇ ನಡೆಯುತ್ತದೆ. ಗರಡಿಗಳಿಂದ ಬಂದ ಪೈಲ್ವಾನರ ತೂಕ, ಎತ್ತರ, ಅನುಭವ ನೋಡಿ ಹಿರಿಯರು ಜೋಡಿ ಮಾಡುತ್ತಾರೆ. ಹುಡುಗನನ್ನು ತಂದು ದೈತ್ಯನ ಮುಂದೆ ನಿಲ್ಲಿಸಿದರೆ ಯಾರಿಗೂ ನೋಡಲು ಮನಸ್ಸಾಗುವುದಿಲ್ಲ. ಆದರೆ ಒಬ್ಬ ಪೈಲ್ವಾನ ಐದು ವರ್ಷ ಮಟ್ಟಿ ಮಣ್ಣಲ್ಲಿ ಹೊರಳಾಡಿ, ಸಾಮು ಮಾಡಿ ಗಟ್ಟಿಯಾದ ಅಂತಿಟ್ಟುಕೊಳ್ಳಿ. ಎಲ್ಲರಿಗಿಂತ ಜಾಸ್ತಿ ಗಟ್ಟಿಯಾದೆ, ಇನ್ನು ಮೇಲೆ ಬೇರೆ ಗರಡಿಗೆ ಹೋಗು ಅಂತ ಅವನಿಗೆ ಯಾರೂ ಹೇಳುವುದಿಲ್ಲ. ಅವನನ್ನು ಕೆಡವಲು ಇನ್ನೊಬ್ಬ ಬರಲಿ ಅಂತ ಕಾಯುತ್ತಾರೆ. ಅಂಥವನು ಅಖಾಡಕ್ಕೆ ಇಳಿದ ದಿನವೇ ಜನ ಜಾಸ್ತಿ ಸೇರುವುದು. ಅರ್ಧ ಜನ ಅವನು ಗೆಲ್ಲಲಿ ಅಂತ ಬಂದಿರುತ್ತಾರೆ, ಇನ್ನರ್ಧ ಜನ ಅವನು ಬೀಳುವುದನ್ನು ನೋಡೋಣ ಅಂತ.

ನೀವು ಮಾಡಿರುವ ಜೋಡಿ ಕಟ್ಟುವ ಕೆಲಸ ಅಂದರೆ ಪರ್ಸ್, ಅಂದರೆ ಆಟಗಾರರಿಗೆ ಒಂದು ತಂಡ ಖರ್ಚು ಮಾಡಬಹುದಾದ ಹಣದ ಮಿತಿ. ಎಲ್ಲ ತಂಡಕ್ಕೂ ಒಂದೇ ಮೊತ್ತ. 2025ರ ಹರಾಜಿಗೆ ತಲಾ 120 ಕೋಟಿ ರೂಪಾಯಿ. ಇದು ಒಳ್ಳೆ ನಿಯಮ, ಇದನ್ನು ಬಿಡಲೇಬೇಡಿ. ಇದು ಇಲ್ಲದ ಕಡೆ ಏನಾಗುತ್ತದೆ ಅನ್ನುವುದಕ್ಕೆ ಜರ್ಮನಿಯ ಫುಟ್‌ಬಾಲ್ ಇದೆ. ಅಲ್ಲಿ ಬಯರ್ನ್ ಮ್ಯೂನಿಕ್ 2013ರಿಂದ 2023ರವರೆಗೆ ಸತತ 11 ವರ್ಷ ಲೀಗ್ ಗೆದ್ದಿತು. ಎದುರಾಳಿ ಡಾರ್ಟ್‌ಮುಂಡ್ ತಲೆ ಎತ್ತಿದಾಗೆಲ್ಲ ಅಲ್ಲಿನ ಒಳ್ಳೆ ಆಟಗಾರನೇ ಬಯರ್ನ್ ಸೇರಿರುತ್ತಿದ್ದ. 2013ರಲ್ಲಿ ಗೋಟ್ಸೆ, 2014ರಲ್ಲಿ ಲೆವಾಂಡೋವ್‌ಸ್ಕಿ, 2016ರಲ್ಲಿ ಹುಮೆಲ್ಸ್. ಅಂಥ ಮೇಲುಗೈ ನೋಡಲು ನನಗೂ ಬೇಜಾರು. ಪಕ್ಕದ ಗರಡಿಯ ಪೈಲ್ವಾನನನ್ನು ದುಡ್ಡು ಕೊಟ್ಟು ತನ್ನ ಗರಡಿಗೆ ಕರೆಸಿಕೊಂಡು, ಆಮೇಲೆ ನನಗೆ ಎದುರಾಳಿಯೇ ಇಲ್ಲ ಅಂದ ಹಾಗೆ. ಆದರೂ 2024ರಲ್ಲಿ ಲೆವರ್ಕುಸನ್ ಆ ಸರಪಳಿ ತುಂಡು ಮಾಡಿತು. ಇಡೀ ಲೀಗ್‌ನಲ್ಲಿ ಒಂದೂ ಪಂದ್ಯ ಸೋಲದೆ, ತನ್ನ ಇತಿಹಾಸದಲ್ಲೇ ಮೊದಲ ಸಲ ಗೆದ್ದಿತು. ಜರ್ಮನ್ ಫುಟ್‌ಬಾಲ್ ಅಷ್ಟಾಗಿ ನೋಡದ ನನ್ನಂಥವನೂ ಆ ವರ್ಷ ಫಲಿತಾಂಶ ಹುಡುಕಿ ಓದುತ್ತಿದ್ದೆ.

ಈಗ ನಮ್ಮ ಮನೆಯ ಕಥೆಗೆ ಬರುತ್ತೇನೆ. ನನಗೆ ಈ ಆಟ ಹತ್ತಿಸಿದ್ದು ನಮ್ಮ ದೊಡ್ಡಪ್ಪ. ಅವರಿಗೆ ಇದ್ದದ್ದು ಒಂದೇ ಕಥೆ, 1974ರ ರಣಜಿ ಸೆಮಿಫೈನಲ್. ಊಟಕ್ಕೆ ಕೂತಾಗ ಎಲೆ ಪಕ್ಕದಲ್ಲಿ ಇಡೀ ನಿಂಬೆಹಣ್ಣು ಸಿಕ್ಕಿದರೆ ಸಾಕು, ಅದನ್ನು ಎರಡು ಬೆರಳ ಮಧ್ಯೆ ಇಟ್ಟು ತಿರುಗಿಸಿ, ನಮ್ಮ ಸ್ಪಿನ್ನರ್ ಪ್ರಸನ್ನ ಬೊಂಬಾಯಿಯ ಗಾವಸ್ಕರ್‌ಗೆ ಹಾಕಿದ ಎಸೆತ ತೋರಿಸುತ್ತಿದ್ದರು. ನಿಂಬೆಹಣ್ಣು ಗಾಳಿಯಲ್ಲಿ ಮೇಲೆ ಹೋಗಿ, ಸಾರಿನ ಪಾತ್ರೆ ಹತ್ತಿರ ಬೀಳುತ್ತಿತ್ತು. "ಬೌಲ್ಡ್!" ಅಂತ ಅವರೇ ಕೂಗುತ್ತಿದ್ದರು. ದೊಡ್ಡಮ್ಮ ನಿಂಬೆಹಣ್ಣು ಎತ್ತಿಕೊಂಡು ಒಳಗೆ ಹೋಗುತ್ತಿದ್ದರು.

ಆ ಎಸೆತವನ್ನು ಅವರು ಜೀವನಪೂರ್ತಿ ನೆನಪಿಟ್ಟುಕೊಂಡಿದ್ದು ಯಾಕೆ? ಗಾವಸ್ಕರ್ ಬೇರೆ ದಿನ ಔಟ್ ಆಗಿರಲಿಲ್ಲವಾ? ಆಗಿದ್ದರು. ಆದರೆ ಆ ದಿನ ಎದುರಿಗಿದ್ದದ್ದು 15 ವರ್ಷ ಸತತವಾಗಿ ರಣಜಿ ಟ್ರೋಫಿ ಗೆದ್ದ ಬೊಂಬಾಯಿ. 1958-59ರಿಂದ 1972-73ರವರೆಗೆ ಆ ಕಪ್ ಬೇರೆ ಯಾರ ಕೈಗೂ ಸಿಕ್ಕಿರಲಿಲ್ಲ. ನಮ್ಮ ಮೈಸೂರು ತಂಡ 1959-60ರಲ್ಲಿ ಫೈನಲ್‌ಗೆ ಹೋಗಿ ಅವರ ಕೈಲೇ ಸೋತಿತ್ತು. ರಾಜಸ್ಥಾನವಂತೂ 1960-61ರಿಂದ ಸಾಲಾಗಿ ನಾಲ್ಕು ವರ್ಷ ಫೈನಲ್ ಮುಟ್ಟಿ, ನಾಲ್ಕು ಸಲವೂ ಬೊಂಬಾಯಿ ಎದುರು ಸೋತು ವಾಪಸ್ ಬಂತು. ಒಂದು ತಲೆಮಾರಿನ ಹುಡುಗರು ಬೊಂಬಾಯಿ ಸೋಲುವುದನ್ನೇ ನೋಡದೆ ದೊಡ್ಡವರಾದರು.

ಆಮೇಲೆ ಬಂತು ಆ ಮಾರ್ಚ್ ತಿಂಗಳು. ನಮ್ಮ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದು ಇನ್ನೂ ಐದು ತಿಂಗಳೂ ಆಗಿರಲಿಲ್ಲ. ಬೆಂಗಳೂರಿನ ಕೆಎಸ್‌ಸಿಎ ಮೈದಾನ, ಅಂದರೆ ಈಗಿನ ಚಿನ್ನಸ್ವಾಮಿ ಸ್ಟೇಡಿಯಂ. ಭದ್ರಾವತಿಯ ಗುಂಡಪ್ಪ ವಿಶ್ವನಾಥ್ 162 ಹೊಡೆದರು, ಬ್ರಿಜೇಶ್ ಪಟೇಲ್ 106. ನಮ್ಮ ಮೊತ್ತ 385. ಬೊಂಬಾಯಿಗೆ ಅದೇನು ದೊಡ್ಡ ಮೊತ್ತ ಅಲ್ಲ. ಗಾವಸ್ಕರ್ ಹೋದ ಮೇಲೂ ನಾಯಕ ವಾಡೇಕರ್ ನಿಂತಿದ್ದರು. ಅವರು ರನೌಟ್ ಆದ ಗಳಿಗೆಯಲ್ಲಿ ಗ್ಯಾಲರಿಯಲ್ಲಿ ಪಕ್ಕದಲ್ಲಿದ್ದ ಅಪರಿಚಿತನೊಬ್ಬ ತನ್ನನ್ನು ತಬ್ಬಿಕೊಂಡು ಅತ್ತುಬಿಟ್ಟ ಅಂತ ದೊಡ್ಡಪ್ಪ ಹೇಳುತ್ತಿದ್ದರು. ಬೊಂಬಾಯಿ 307ಕ್ಕೆ ಆಲೌಟ್. ಮೊದಲ ಇನಿಂಗ್ಸ್ ಮುನ್ನಡೆ 78 ರನ್. ಪಂದ್ಯ ಡ್ರಾ ಆದರೂ ಮುನ್ನಡೆಯ ಮೇಲೆ ನಾವು ಫೈನಲ್‌ಗೆ ಹೋದೆವು. ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಕಪ್ ತಂದೆವು. (ಪಾಪ, ರಾಜಸ್ಥಾನ! ಬೊಂಬಾಯಿ ಇಲ್ಲದ ಫೈನಲ್ ಕೊನೆಗೂ ಸಿಕ್ಕಿತು, ಅದರಲ್ಲೂ ಸೋತರು. ಅವರ ಮೊದಲ ರಣಜಿ ಬಂದದ್ದು 2010-11ರಲ್ಲಿ. ಆ ದಿನ ನನಗೂ ನಿಜವಾಗಿ ಖುಷಿಯಾಗಿತ್ತು.)

ಮಂಡಳಿಯವರೇ, ಒಂದು ಮಾತು ಯೋಚನೆ ಮಾಡಿ. ಬೊಂಬಾಯಿ ಜಾಸ್ತಿ ಗೆಲ್ಲುತ್ತಿದೆ, ಸಮತೋಲನ ಬೇಕು ಅಂತ 1970ರಲ್ಲಿ ಯಾರಾದರೂ ಒಂದು ಮೆಗಾ ಹರಾಜು ಮಾಡಿದ್ದರೆ? ಗಾವಸ್ಕರ್ ಒಂದು ಕಡೆ, ವಾಡೇಕರ್ ಇನ್ನೊಂದು ಕಡೆ ಹೋಗುತ್ತಿದ್ದರು. ಬೊಂಬಾಯಿ ಮುಂದಿನ ವರ್ಷವೇ ಬೀಳುತ್ತಿತ್ತು. ಅದರ ಜೊತೆಗೆ ನಮ್ಮ ಚಂದ್ರಶೇಖರ್ ಹೈದರಾಬಾದಿಗೆ, ವಿಶ್ವನಾಥ್ ದಿಲ್ಲಿಗೆ ಹೋಗಿಬಿಡುತ್ತಿದ್ದರು. ಪ್ರಸನ್ನ 1961-62ರಿಂದ ಈ ತಂಡಕ್ಕೆ ಆಡುತ್ತಿದ್ದವರು. ವಿಶ್ವನಾಥ್ 1967ರಲ್ಲಿ ವಿಜಯವಾಡದಲ್ಲಿ ಆಂಧ್ರದ ವಿರುದ್ಧ ತಮ್ಮ ಮೊದಲ ರಣಜಿ ಪಂದ್ಯದಲ್ಲೇ 230 ಹೊಡೆದಿದ್ದರು. ಬೊಂಬಾಯಿಯನ್ನು ಕೆಡವುವ ತಂಡ ಕಟ್ಟಲು ಹತ್ತು ಹನ್ನೆರಡು ವರ್ಷ ಬೇಕಾಯಿತು. ಆ ಬೊಂಬಾಯಿಯಾದರೂ ಸುಮ್ನೆ ದೊಡ್ಡದಾಗಿರಲಿಲ್ಲ. ಶಿವಾಜಿ ಪಾರ್ಕ್, ಆಜಾದ್ ಮೈದಾನ, ಮಳೆಗಾಲದಲ್ಲಿ ಒದ್ದೆ ಪಿಚ್ ಮೇಲೆ ಆಡುವ ಕಾಂಗಾ ಲೀಗ್, ಇವೆಲ್ಲ ಸೇರಿ ಬೆಳೆಸಿದ ತಂಡ ಅದು. ಬೆಳೆಸಿದ ತಂಡವನ್ನು ಬೆಳೆಸಿದ ತಂಡವೇ ಸೋಲಿಸಿತು. ನಡೆದದ್ದೆಲ್ಲ ಮೈದಾನದಲ್ಲಿ, ಜನರ ಕಣ್ಣೆದುರಿಗೆ.

ಈಗ ಐಪಿಎಲ್‌ನ ದೊಡ್ಡ ತಂಡ ಹೇಗೆ ಬಿತ್ತು ನೋಡಿ. ಮುಂಬೈ ಇಂಡಿಯನ್ಸ್ 2013ರಿಂದ 2020ರೊಳಗೆ ಐದು ಕಪ್ ಗೆದ್ದಿತು. ನಾನು ಆ ತಂಡದ ಅಭಿಮಾನಿಯಲ್ಲ. ಅವರ ಎದುರು ಆರ್‌ಸಿಬಿ ಸೋತಾಗೆಲ್ಲ ನನಗೆ ರಾತ್ರಿ ಊಟ ಸೇರುತ್ತಿರಲಿಲ್ಲ. ಆದರೂ ಹೇಳುತ್ತೇನೆ, ಅದು ಕಟ್ಟಿದ ತಂಡ. ಬುಮ್ರಾ 2013ರಲ್ಲಿ ಅಲ್ಲಿಗೆ ಬಂದಾಗ ಯಾರಿಗೂ ಅಷ್ಟಾಗಿ ಗೊತ್ತಿಲ್ಲದ ಹುಡುಗ. ಹಾರ್ದಿಕ್ ಪಾಂಡ್ಯ 2015ರಲ್ಲಿ 10 ಲಕ್ಷಕ್ಕೆ ಬಂದವರು. ಮಾಲಿಂಗ, ಪೊಲಾರ್ಡ್, ರೋಹಿತ್ ವರ್ಷಗಟ್ಟಲೆ ಒಟ್ಟಿಗೆ ಆಡಿದರು. ಈ ತಂಡವನ್ನು ಒಮ್ಮೆ ಸರಿಯಾಗಿ ಕೆಡವಬೇಕು ಅಂತ ಬೆಂಗಳೂರು, ಚೆನ್ನೈ, ದಿಲ್ಲಿ ಎಲ್ಲ ಕಡೆಯ ಜನ ಹಲ್ಲು ಕಚ್ಚಿ ಕಾಯುತ್ತಿದ್ದೆವು. 2022ರ ಫೆಬ್ರವರಿಯಲ್ಲಿ ಮೆಗಾ ಹರಾಜು ಬಂತು, ಅದೂ ನಮ್ಮ ಬೆಂಗಳೂರಿನ ಹೋಟೆಲ್‌ನಲ್ಲೇ. ಅದಕ್ಕೆ ಮೊದಲು ಮುಂಬೈ ಉಳಿಸಿಕೊಳ್ಳಲು ಆದದ್ದು ನಾಲ್ಕು ಜನರನ್ನು. ಹಾರ್ದಿಕ್, ಕೃಣಾಲ್, ಬೋಲ್ಟ್, ಡಿಕಾಕ್ ಎಲ್ಲ ಚದುರಿದರು. ಆ ವರ್ಷ ಮುಂಬೈ ಪಟ್ಟಿಯ ಕೊನೆಯಲ್ಲಿತ್ತು.

ನನಗೆ ಖುಷಿಯಾಗಲಿಲ್ಲ. ಯಾರೂ ಅವರನ್ನು ಸೋಲಿಸಿರಲಿಲ್ಲ. ಟೂರ್ನಿ ಶುರುವಾಗುವ ಮೊದಲೇ ಆ ತಂಡ ಇರಲಿಲ್ಲ, ಹೆಸರು ಮತ್ತು ಬಟ್ಟೆ ಮಾತ್ರ ಇತ್ತು. ಎಂಟು ವರ್ಷ ಕಾದ ನಮಗೆ ನಮ್ಮ 1974 ಸಿಗಲೇ ಇಲ್ಲ.

ಕೋಲ್ಕತ್ತದ ಕಥೆ ಇನ್ನೂ ಬೇಜಾರಿನದು. 2024ರಲ್ಲಿ ಶ್ರೇಯಸ್ ಅಯ್ಯರ್ ನಾಯಕತ್ವದಲ್ಲಿ ಅವರು ಕಪ್ ಗೆದ್ದರು. ಆ ವರ್ಷದ ಕೊನೆಗೆ ಆರು ಜನರನ್ನು ಉಳಿಸಿಕೊಂಡರು. ಆ ಪಟ್ಟಿಯಲ್ಲಿ ಕಪ್ ಎತ್ತಿದ ನಾಯಕನ ಹೆಸರೇ ಇರಲಿಲ್ಲ. ನವೆಂಬರ್‌ನಲ್ಲಿ ಜಿದ್ದಾದಲ್ಲಿ ನಡೆದ ಹರಾಜಿನಲ್ಲಿ ಪಂಜಾಬ್ ಅವರನ್ನು 26.75 ಕೋಟಿಗೆ ಕೊಂಡಿತು. ಮುಂದಿನ ಸೀಸನ್ನಿನಲ್ಲಿ ಪಂಜಾಬ್ ಫೈನಲ್‌ಗೆ ಬಂತು, ಚಾಂಪಿಯನ್ ಕೋಲ್ಕತ್ತ 8ನೇ ಸ್ಥಾನಕ್ಕೆ ಹೋಯಿತು. ಇದನ್ನು ಸಮಬಲ ಅಂತ ಕರೆಯಬಹುದು. ಆದರೆ ಚಾಂಪಿಯನ್ ತನ್ನ ಪಟ್ಟ ಉಳಿಸಿಕೊಳ್ಳಲು ಒದ್ದಾಡುವುದನ್ನು ನೋಡುವ ಕುತೂಹಲ ಎಲ್ಲಿ ಹೋಯಿತು? ಪಟ್ಟದಲ್ಲಿ ಕೂತವರೇ ಬೇರೆ ಆಗಿಬಿಟ್ಟರೆ ಸವಾಲು ಹಾಕುವುದು ಯಾರಿಗೆ?

ಸಮಬಲ ಇದ್ದರೆ ಪಂದ್ಯ ರೋಚಕ ಆಗುತ್ತದೆ ಅನ್ನುವ ಮಾತನ್ನೂ ಸ್ವಲ್ಪ ಪರೀಕ್ಷೆ ಮಾಡೋಣ. ಫೈನಲ್‌ಗಳನ್ನೇ ತೆಗೆದುಕೊಳ್ಳಿ. 2019ರಲ್ಲಿ ಹೈದರಾಬಾದಿನಲ್ಲಿ ಮುಂಬೈ ಮತ್ತು ಚೆನ್ನೈ. ಲೀಗ್‌ನ ಎರಡು ದೊಡ್ಡ ತಂಡಗಳು, ನಾಲ್ಕನೇ ಸಲ ಫೈನಲ್‌ನಲ್ಲಿ ಎದುರುಬದುರು. ನೋಡಿದ್ದನ್ನೇ ಎಷ್ಟು ಸಲ ನೋಡುವುದು ಅಂತ ಶುರುವಿಗೆ ಗೊಣಗಿದವರಿದ್ದರು. ವಾಟ್ಸನ್ ಮೊಣಕಾಲಿಂದ ರಕ್ತ ಸುರಿಯುತ್ತಿದ್ದರೂ 80 ಹೊಡೆದರು. ಕೊನೆಯ ಎಸೆತಕ್ಕೆ ಎರಡು ರನ್ ಬೇಕಿತ್ತು. ಮಾಲಿಂಗ ನಿಧಾನದ ಎಸೆತ ಹಾಕಿದರು, ಶಾರ್ದೂಲ್ ಎಲ್‌ಬಿ. ಒಂದು ರನ್ನಿನ ಗೆಲುವು. ನಮ್ಮ ಬೀದಿಯಲ್ಲಿ ಎರಡೂ ತಂಡಕ್ಕೆ ಸೇರದವರೇ ಜಾಸ್ತಿ, ಆದರೂ ಆ ರಾತ್ರಿ ಎಲ್ಲ ಮನೆಯ ದೀಪ ಉರಿಯುತ್ತಿತ್ತು. ಇನ್ನು 2022ರ ಫೈನಲ್? ಗುಜರಾತ್ ಏಳು ವಿಕೆಟ್‌ಗಳಿಂದ ಸುಲಭವಾಗಿ ಗೆದ್ದಿತು. 2024ರಲ್ಲಿ ಹೈದರಾಬಾದ್ 113ಕ್ಕೆ ಆಲೌಟ್, ಕೋಲ್ಕತ್ತ 57 ಎಸೆತ ಬಾಕಿ ಇರುವಾಗಲೇ ಮುಗಿಸಿತು. ಮೂರು ಫೈನಲ್ ಹಿಡಿದು ಇಡೀ ಲೀಗನ್ನು ಅಳೆಯಲು ಆಗುವುದಿಲ್ಲ, ಅದು ನನಗೂ ಗೊತ್ತು. ಆದರೆ ತಂಡಗಳನ್ನು ಕಲಸಿಬಿಟ್ಟರೆ ಪಂದ್ಯ ತಾನಾಗಿ ಬಿಗಿಯಾಗುತ್ತದೆ ಅನ್ನುವುದಕ್ಕೂ ಆಧಾರ ಕಾಣುವುದಿಲ್ಲ.

ಹಿಂದುಳಿದ ತಂಡಗಳಿಗೆ ಮೆಗಾ ಹರಾಜಿನಿಂದ ಉಪಕಾರ ಆಯಿತಾ? 2011, 2014, 2018, 2022, ಆಮೇಲೆ 2025ರ ಸೀಸನ್ನಿಗೆ, ಹೀಗೆ ಐದು ಸಲ ಎಲ್ಲವನ್ನೂ ಕಲಸಿದ್ದಾಯಿತು. ಆದರೂ 2025ರವರೆಗಿನ 18 ಸೀಸನ್‌ಗಳಲ್ಲಿ 13 ಕಪ್ ಹೋಗಿರುವುದು ಮೂರೇ ತಂಡಗಳಿಗೆ. ಮುಂಬೈ 5, ಚೆನ್ನೈ 5, ಕೋಲ್ಕತ್ತ 3. ಮೊದಲ ದಿನದಿಂದ ಇರುವ ಪಂಜಾಬ್ ಮತ್ತು ದಿಲ್ಲಿಗೆ ಅಷ್ಟರಲ್ಲಿ ಒಂದೂ ಕಪ್ ಬಂದಿರಲಿಲ್ಲ. ಗುಜರಾತ್ ಮೊದಲ ವರ್ಷವೇ ಗೆದ್ದಿದ್ದು ಈ ಪದ್ಧತಿಯಿಂದ, ಅದನ್ನು ಒಪ್ಪುತ್ತೇನೆ. ಹೊಸ ತಂಡ ಬಂದಾಗ ಅದಕ್ಕೆ ಆಟಗಾರರನ್ನು ಕೊಡಲೇಬೇಕು. ಅದು ಹೊಸ ತಂಡ ಬಂದ ವರ್ಷದ ಮಾತು.

ನಮ್ಮ ಊರಿನವರೇ ನನ್ನನ್ನು ಕೇಳುತ್ತಾರೆ: ಆರ್‌ಸಿಬಿ ಕಪ್ ಗೆದ್ದಿದ್ದೇ ಆ ಮೆಗಾ ಹರಾಜಿನಿಂದ ಅಲ್ವಾ? ಈಗ ಯಾಕೆ ಅದನ್ನು ಬಯ್ಯುತ್ತೀರಿ?

ನಿಜ. 2025ರ ಜೂನ್ 3ರಂದು ಅಹಮದಾಬಾದಿನ ಫೈನಲ್‌ನಲ್ಲಿ 4 ಓವರ್‌ಗೆ 17 ರನ್ ಕೊಟ್ಟು 2 ವಿಕೆಟ್ ತೆಗೆದ ಕೃಣಾಲ್ ಹರಾಜಿನಲ್ಲಿ ಬಂದವರು. ಹೇಜಲ್‌ವುಡ್, ಭುವನೇಶ್ವರ್, ಸಾಲ್ಟ್, ಜಿತೇಶ್ ಎಲ್ಲ ಅಲ್ಲೇ ಸಿಕ್ಕವರು. ಅವರಿಗೆ ನಾನು ಋಣಿ. ಆದರೆ ಆ ರಾತ್ರಿ ಬೆಂಗಳೂರಿನ ಬೀದಿಗೆ ಜನ ಬಂದದ್ದು ಯಾಕೆ? ಕೊನೆ ಓವರ್‌ನಲ್ಲಿ ಇನ್ನೂ ಎಸೆತ ಬಾಕಿ ಇರುವಾಗಲೇ ಕೊಹ್ಲಿ ಕಣ್ಣೀರು ಒರೆಸಿಕೊಳ್ಳುತ್ತಿದ್ದರು. ಅವರು 2008ರಿಂದ ಇದೇ ತಂಡದಲ್ಲಿದ್ದಾರೆ, ಯಾವ ಹರಾಜಿಗೂ ಹೋದವರಲ್ಲ. 2009ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ 6 ರನ್ನಿಂದ ಫೈನಲ್ ಸೋತಾಗ ಅವರು ಇದ್ದರು. 2011ರಲ್ಲಿ ಚೆನ್ನೈ ಎದುರು, 2016ರಲ್ಲಿ ನಮ್ಮ ಚಿನ್ನಸ್ವಾಮಿಯಲ್ಲೇ ಹೈದರಾಬಾದ್ ಎದುರು ಸೋತಾಗಲೂ ಇದ್ದರು. 2025ರಲ್ಲಿ ಗೆದ್ದದ್ದೂ 6 ರನ್ನಿಂದಲೇ. 18 ವರ್ಷದ ಸೋಲನ್ನೆಲ್ಲ ಒಬ್ಬನೇ ಮನುಷ್ಯ ಹೊತ್ತುಕೊಂಡು ಬಂದಿದ್ದಕ್ಕೆ ಆ 6 ರನ್ನಿಗೆ ಅಷ್ಟು ತೂಕ. ಅವರು ಮೂರು ವರ್ಷಕ್ಕೊಂದು ತಂಡ ಬದಲಿಸಿದ್ದರೆ ಅಜ್ಜಿಯಂದಿರು ಟಿವಿ ಮುಂದೆ ಕೂತು ಅಳುತ್ತಿರಲಿಲ್ಲ. (ಮರುದಿನ ಅದೇ ಸ್ಟೇಡಿಯಂ ಹೊರಗಿನ ನೂಕುನುಗ್ಗಲಿನಲ್ಲಿ 11 ಜನ ಜೀವ ಕಳೆದುಕೊಂಡರು. ಆ ಸಂತೋಷದ ಬಗ್ಗೆ ಬರೆಯುವಾಗ ಅವರನ್ನು ನೆನೆಯದೆ ಮುಂದೆ ಹೋಗಲು ನನಗೆ ಆಗುವುದಿಲ್ಲ.)

ಆ 6 ರನ್ ಅಂದಾಗ ಇನ್ನೊಂದು ಸೋಲು ನೆನಪಾಗುತ್ತದೆ. 2010ರ ಜನವರಿ, ಮೈಸೂರಿನ ಗಂಗೋತ್ರಿ ಗ್ಲೇಡ್ಸ್, ರಣಜಿ ಫೈನಲ್, ಎದುರಾಳಿ ಮತ್ತೆ ಮುಂಬೈ. ಆಗ ನಾನು ಮೈಸೂರಿನಲ್ಲಿ ಕೆಲಸಕ್ಕಿದ್ದೆ. ಗುರಿ 338. ಮನೀಶ್ ಪಾಂಡೆ 144 ಹೊಡೆದರು, ಗಣೇಶ್ ಸತೀಶ್ ಜೊತೆ ದೊಡ್ಡ ಜೊತೆಯಾಟ. ಕೊನೆಯ ದಿನ ಸಂಕ್ರಾಂತಿ. ನನ್ನ ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಜೇಬಿನಿಂದ ಎಳ್ಳು ಬೆಲ್ಲದ ಪೊಟ್ಟಣ ತೆಗೆದು ಸುತ್ತಲಿನವರಿಗೆಲ್ಲ ಹಂಚಿದರು. ಗೆದ್ದ ಮೇಲೆ ಹಂಚೋಣ ಅಂತ ಇಟ್ಟುಕೊಂಡಿದ್ದೆ, ತಡೆಯಕ್ಕಾಗ್ತಿಲ್ಲ ಅಂದರು. ಅಗರ್ಕರ್ ಐದು ವಿಕೆಟ್ ತೆಗೆದರು. ನಾವು 331ಕ್ಕೆ ಆಲೌಟ್. 6 ರನ್ ಸೋಲು, ಮುಂಬೈಗೆ 39ನೇ ರಣಜಿ. ಜನ ಮೈದಾನ ಬಿಟ್ಟು ಏಳಲು ತುಂಬಾ ಹೊತ್ತಾಯಿತು. ಆ ದಿನ ಎದುರಿಗೆ 38 ಸಲ ಗೆದ್ದ ತಂಡದ ಬದಲು ಬೇರೆ ಯಾರೋ ಇದ್ದಿದ್ದರೆ, ಊರಿಗೆ ಊರೇ ಹಬ್ಬ ಬಿಟ್ಟು ಅಲ್ಲಿಗೆ ಬರುತ್ತಿತ್ತಾ?

ಅದೇ ತಂಡದ ಹುಡುಗರು ಒಟ್ಟಿಗೇ ಉಳಿದರು. ವಿನಯ್ ಕುಮಾರ್, ಮಿಥುನ್, ಪಾಂಡೆ, ಉತ್ತಪ್ಪ. ಅವರ ಜೊತೆಗೆ ರಾಹುಲ್, ಕರುಣ್ ನಾಯರ್ ಸೇರಿಕೊಂಡರು. 2013-14 ಮತ್ತು 2014-15, ಎರಡೂ ವರ್ಷ ರಣಜಿ, ಇರಾನಿ ಕಪ್, ವಿಜಯ್ ಹಜಾರೆ ಮೂರನ್ನೂ ಗೆದ್ದರು. ಎರಡನೇ ವರ್ಷದ ಸೆಮಿಫೈನಲ್‌ನಲ್ಲಿ, ಬೆಂಗಳೂರಿನಲ್ಲಿ, ಇದೇ ಮುಂಬೈಯನ್ನು 44ಕ್ಕೆ ಆಲೌಟ್ ಮಾಡಿದರು. ವಿನಯ್ 20 ರನ್ನಿಗೆ 6 ವಿಕೆಟ್. ಮೈಸೂರಿನಲ್ಲಿ ಆ ಸಂಕ್ರಾಂತಿಯಂದು ಕೂತಿದ್ದವರಿಗೆ ಆ 44ರ ರುಚಿ ಏನು ಅಂತ ಗೊತ್ತು. ಆ ಎರಡು ವರ್ಷ ತಮಿಳುನಾಡಿನವರಿಗೆ, ಮುಂಬೈಯವರಿಗೆ ನಮ್ಮ ಮೇಲುಗೈ ನೋಡಿ ಸಿಟ್ಟು ಬಂದಿರಬಹುದು. ಬರಲಿ. ಆ ಸಿಟ್ಟೂ ಆಟದ ಒಂದು ಭಾಗ. ಮುಂದಿನ ವರ್ಷ ಅವರು ಪಂದ್ಯ ನೋಡಲು ಕೂರುವುದು ಅದೇ ಸಿಟ್ಟಿನಿಂದ.

ಈಗ ನಿಯಮದ ಮಾತು. ಆರು ಜನರನ್ನು ಉಳಿಸಿಕೊಳ್ಳಲು ಬಿಟ್ಟಿದ್ದೆವು, ಆರ್‌ಸಿಬಿಯೇ ಮೂವರನ್ನು ಮಾತ್ರ ಇಟ್ಟುಕೊಂಡಿತು, ಸಿರಾಜ್ ಹೋದದ್ದಕ್ಕೆ ನಮ್ಮನ್ನು ಯಾಕೆ ಕೇಳುತ್ತೀರಿ ಅಂತ ನೀವು ಅನ್ನಬಹುದು. ಆದರೆ ಲೆಕ್ಕ ನೋಡಿ. ದೇಶಕ್ಕೆ ಆಡಿದ ಐದು ಆಟಗಾರರನ್ನು ಉಳಿಸಿಕೊಂಡರೆ 120 ಕೋಟಿಯಲ್ಲಿ 75 ಕೋಟಿ ಹೋಯಿತು. ಉಳಿದ 45 ಕೋಟಿಯಲ್ಲಿ ಕನಿಷ್ಠ ಇನ್ನೂ 13 ಜನ ಬೇಕು. ಹೊರಗೆ ಹರಾಜಿನಲ್ಲಿ ಬಹುಪಾಲು ಎಲ್ಲ ಆಟಗಾರರೂ ಸಿಗುತ್ತಿರುವಾಗ ಯಾವ ತಂಡವಾದರೂ ದುಡ್ಡು ಕೈಯಲ್ಲಿಟ್ಟುಕೊಳ್ಳಲು ನೋಡುತ್ತದೆ. ಅದಕ್ಕಿಂತ ಬೇಜಾರಿನ ಸಂಗತಿ ಇನ್ನೊಂದಿದೆ. ದೇಶಕ್ಕೆ ಆಡದ ಹುಡುಗನನ್ನು ಉಳಿಸಿಕೊಳ್ಳಲು 4 ಕೋಟಿ ಸಾಕು. ಅದೇ ಹುಡುಗ ಭಾರತಕ್ಕೆ ಆಡಿಬಿಟ್ಟರೆ ಅವನು ಆ 75 ಕೋಟಿಯ ಲೆಕ್ಕಕ್ಕೆ ಬರುತ್ತಾನೆ. ಹುಡುಗನನ್ನು ಗುರುತಿಸಿ, ಮೂರು ವರ್ಷ ತಿದ್ದಿ, ದೇಶದ ತಂಡಕ್ಕೆ ಮುಟ್ಟಿಸಿದ ಫ್ರಾಂಚೈಸಿಗೆ ಸಿಗುವುದು ಇದು. ಬೆಳೆಸಿದವರಿಗೆ ದಂಡ ಹಾಕಿದರೆ ಬೆಳೆಸುವವರು ಯಾರು?

ನನ್ನ ಕೋರಿಕೆ ಹೀಗಿದೆ. ಪರ್ಸ್ ಮಿತಿ ಇರಲಿ, ಅದನ್ನು ಇನ್ನೂ ಬಿಗಿ ಮಾಡಿದರೂ ಸರಿ. ಆ ಮಿತಿಯೊಳಗೆ ತಂಡ ಎಷ್ಟು ಜನರನ್ನಾದರೂ ಉಳಿಸಿಕೊಳ್ಳಲಿ, ಸಂಬಳವನ್ನು ತಂಡ ಮತ್ತು ಆಟಗಾರ ಮಾತಾಡಿ ತೀರ್ಮಾನ ಮಾಡಿಕೊಳ್ಳಲಿ. ಜಾಸ್ತಿ ದುಡ್ಡು ಸಿಗಬಹುದು ಅನ್ನಿಸಿದ ಆಟಗಾರ ಒಪ್ಪಂದ ಮುಗಿದ ಮೇಲೆ ಹರಾಜಿಗೆ ಹೋಗಲಿ, ಅವರ ಹೊಟ್ಟೆ ಮೇಲೆ ಹೊಡೆಯುವುದು ಬೇಡ. ಪ್ರತಿ ವರ್ಷ ಒಂದು ಸಣ್ಣ ಹರಾಜು ಸಾಕು. ಅನ್‌ಕ್ಯಾಪ್ಡ್ ಆಗಿ, ಅಂದರೆ ಇನ್ನೂ ದೇಶಕ್ಕೆ ಆಡದೆ ಬಂದು, ನಾಲ್ಕು ಸೀಸನ್ ಒಂದೇ ತಂಡದಲ್ಲಿದ್ದ ಆಟಗಾರನ ಸಂಬಳದಲ್ಲಿ ಅರ್ಧವನ್ನು ಮಾತ್ರ ಪರ್ಸ್ ಲೆಕ್ಕಕ್ಕೆ ಹಿಡಿಯಿರಿ. ಕೊನೆಯ ಎರಡು ಸ್ಥಾನದ ತಂಡಗಳಿಗೆ ಮುಂದಿನ ವರ್ಷ ಸ್ವಲ್ಪ ಹೆಚ್ಚು ಪರ್ಸ್ ಕೊಡಿ. ಹೀಗೆ ಮಾಡಿದರೆ ಬಿದ್ದವರಿಗೆ ಕೈ ಕೊಟ್ಟ ಹಾಗಾಗುತ್ತದೆ, ನಿಂತವರ ಕಾಲು ಎಳೆದ ಹಾಗಾಗುವುದಿಲ್ಲ.

ಇದರಿಂದ ಯಾವುದೋ ಒಂದು ತಂಡ ನಾಲ್ಕು ವರ್ಷ ಎಲ್ಲರನ್ನೂ ಬಡಿಯಬಹುದು. ಅದು ಆರ್‌ಸಿಬಿ ಆಗದೆ ಚೆನ್ನೈಯೋ ಮುಂಬೈಯೋ ಆಗಬಹುದು. ಅದಕ್ಕೂ ನಾನು ತಯಾರಿದ್ದೇನೆ. ಅಂಥ ತಂಡವನ್ನು ಕೆಡವುವ ದಿನ ಬಂದೇ ಬರುತ್ತದೆ. ಆ ದಿನ ನಾನು ಮಗಳ ಜೊತೆ ಸ್ಟ್ಯಾಂಡ್‌ನಲ್ಲಿರಬೇಕು. ದೊಡ್ಡಪ್ಪನ ನಿಂಬೆಹಣ್ಣಿನ ಹಾಗೆ ಅವಳಿಗೂ ಒಂದು ಕಥೆ ಸಿಗಬೇಕು.

ಆ ಏಪ್ರಿಲ್ ರಾತ್ರಿ ಪಂದ್ಯ ಮುಗಿದು ಕಬ್ಬನ್ ಪಾರ್ಕ್ ಮೆಟ್ರೊ ಕಡೆ ನಡೆಯುವಾಗ ಮಗಳು ಜೆರ್ಸಿ ಬಿಚ್ಚಿ ಬ್ಯಾಗಿಗೆ ಹಾಕಿಕೊಂಡಳು. ಹೊಸದಕ್ಕೆ ಯಾರ ಹೆಸರು ಹಾಕಿಸೋಣ ಅಂತ ಕೇಳಿದೆ. "ಯಾರು ಇಲ್ಲೇ ಇರ್ತಾರೆ ಅಂತ ಮೊದಲು ಹೇಳು" ಅಂದಳು. ಹೊಸ ಜೆರ್ಸಿ ತಂದಿದ್ದೇವೆ. ಬೆನ್ನು ಇನ್ನೂ ಖಾಲಿ ಇದೆ.

ವಿಶ್ವಾಸದಿಂದ,
ಬೆಂಗಳೂರಿನ ಒಬ್ಬ ಕ್ರಿಕೆಟ್ ಪ್ರೇಮಿ